ಶುಕ್ರವಾರ ರಾತ್ರಿ ಹನ್ನೆರಡರ ಗಾಡಿ

"ಎಷ್ಟು ಜನ ಆಗ್ತೀರಾ?"

ಟ್ರಾವೆಲ್ಸ್‌ಗೆ ಫೋನ್ ಮಾಡಿದರೆ ಆ ಕಡೆಯಿಂದ ಬರುವ ಮೊದಲ ಪ್ರಶ್ನೆ ಇದು. ಎಲ್ಲಿಗೆ, ಯಾವತ್ತು, ಏನು ವಿಶೇಷ ಎಂಬುದೆಲ್ಲ ಆಮೇಲೆ. ಈ ಪ್ರಶ್ನೆಗೆ ಪಕ್ಕಾ ಉತ್ತರ ಇಟ್ಟುಕೊಂಡು ಫೋನ್ ಮಾಡಿದ ಮನೆ ವಿಜಯನಗರದಲ್ಲಾಗಲಿ ರಾಜಾಜಿನಗರದಲ್ಲಾಗಲಿ ಇದ್ದೀತು ಅಂತ ನನಗೆ ನಂಬಿಕೆಯಿಲ್ಲ. ಹದಿನಾರು ಅಂತ ಶುರುವಾಗುತ್ತದೆ. ದೊಡ್ಡಪ್ಪನ ಮಂಡಿನೋವು ಹೇಗಿದೆಯೋ ಕೇಳಬೇಕು. ಹಾಸನದ ಚಿಕ್ಕಮ್ಮ ದಾರಿಯಲ್ಲಿ ಹತ್ತಿಕೊಳ್ಳುತ್ತಾರೆ. ಮಕ್ಕಳು ಮೂರು, ತೊಡೆ ಮೇಲೆ ಆಯಿತು. ಹೊರಡುವ ದಿನ ಬಾಗಿಲಲ್ಲಿ ನಿಂತು ಎಣಿಸಿದರೆ ಇಪ್ಪತ್ತೊಂದು ತಲೆ.

ಸಂಖ್ಯೆ ಯಾಕೆ ಅಷ್ಟು ಮುಖ್ಯ ಅಂದರೆ, ಗಾಡಿಗಳು ಬರುವುದೇ ಮೆಟ್ಟಿಲು ಮೆಟ್ಟಿಲಾಗಿ. ಹನ್ನೆರಡು, ಹದಿನಾಲ್ಕು, ಹದಿನೇಳು ಸೀಟಿಗೆ ಟಿಟಿ, ಅಂದರೆ ಟೆಂಪೊ ಟ್ರಾವೆಲರ್. ಇಪ್ಪತ್ತೊಂದರಿಂದ ಮೂವತ್ಮೂರರ ತನಕ ಮಿನಿ ಬಸ್ಸು. ಅದರಾಚೆ ನಲವತ್ತೊಂಬತ್ತರ ದೊಡ್ಡ ಬಸ್ಸು. ಹದಿನೆಂಟು ಜನ ಇದ್ದವರ ಪಾಡು ಕಷ್ಟ. ಒಬ್ಬರಿಗೋಸ್ಕರ ಮಿನಿ ಬಸ್ಸು ಹಿಡಿಯಬೇಕು, ಇಲ್ಲವೇ ಒಬ್ಬರು ಕಾರಿನಲ್ಲಿ ಹಿಂದೆ ಬರಬೇಕು. ಮೂರನೇ ದಾರಿ ಎಲ್ಲರಿಗೂ ಗೊತ್ತಿರುವುದೇ: ನಡುವಿನ ಓಣಿಯಲ್ಲಿ ಪ್ಲಾಸ್ಟಿಕ್ ಸ್ಟೂಲು. ಆರ್‌ಸಿಯಲ್ಲಿ ಬರೆದ ಸೀಟಿಗಿಂತ ಒಂದು ತಲೆ ಹೆಚ್ಚಾದರೂ ತಪ್ಪು ತಪ್ಪೇ. ಗಾಡಿ ಜೋರಾಗಿ ಬ್ರೇಕ್ ಹಾಕಿದಾಗ ಮೊದಲು ಮುಗ್ಗರಿಸುವುದು ಆ ಸ್ಟೂಲಿನವರೇ.

ಬೆಂಗಳೂರಿನ ಈ ಪಶ್ಚಿಮ ಮಗ್ಗುಲಿಗೂ ಬಾಡಿಗೆ ಬಸ್ಸಿಗೂ ಇರುವ ನಂಟು ಊರಿನ ಬೇರೆ ಭಾಗಗಳಲ್ಲಿ ಇಷ್ಟು ಗಟ್ಟಿಯಾಗಿ ಕಾಣುವುದಿಲ್ಲ. ಕಾರಣ ರಸ್ತೆಗಳಲ್ಲೇ ಇದೆ. ತುಮಕೂರು ರಸ್ತೆ, ಮಾಗಡಿ ರಸ್ತೆ, ಮೈಸೂರು ರಸ್ತೆ, ಮೂರೂ ನಗರದಿಂದ ಹೊರಬೀಳುವುದು ಈ ಕಡೆಯಿಂದಲೇ. ಆ ರಸ್ತೆಗಳ ಆ ತುದಿಯಲ್ಲಿ ಕುಣಿಗಲ್, ಮಾಗಡಿ, ನಾಗಮಂಗಲ, ಚನ್ನಪಟ್ಟಣ, ಮಂಡ್ಯ, ಹಾಸನ. ಅಲ್ಲಿಂದ ಕೆಲಸ ಹುಡುಕಿ ಬಂದವರು ಬಸ್ಸು ಇಳಿದ ಕಡೆಗೇ ಹತ್ತಿರವಾಗಿ ಮನೆ ಮಾಡಿದರು. ರಾಜಾಜಿನಗರದ ಕೈಗಾರಿಕಾ ಉಪನಗರ, ಪೀಣ್ಯದ ಕಾರ್ಖಾನೆಗಳು, ಕಾಮಾಕ್ಷಿಪಾಳ್ಯದ ಲೇತ್ ಮಿಷನ್ನು ಅವರಿಗೆ ಅನ್ನ ಕೊಟ್ಟವು. ಎರಡು, ಮೂರು ತಲೆಮಾರು ಇಲ್ಲೇ ಬೆಳೆಯಿತು. ಆದರೆ ಮನೆದೇವರು ಮಾತ್ರ ಊರಲ್ಲೇ ಉಳಿದ. ಮಗುವಿನ ಮುಡಿ ಕೊಡಲು, ಹರಕೆ ತೀರಿಸಲು, ಬೀಗರೂಟಕ್ಕೆ, ತಿಥಿಗೆ ಊರಿಗೆ ಹೋಗಲೇಬೇಕು. ಒಬ್ಬರೇ ಹೋದರೆ ಅದು ಪ್ರಯಾಣ, ವಠಾರವೇ ಹೊರಟರೆ ಅದಕ್ಕೆ ಗಾಡಿ ಬೇಕು.

ಬೀಗರೂಟದ ಬಸ್ಸನ್ನು ನೋಡಬೇಕು. ಮದುವೆ ಬೆಂಗಳೂರಿನ ಛತ್ರದಲ್ಲಿ, ಎಲ್ಲ ಸಸ್ಯಾಹಾರ. ಒಂದೆರಡು ದಿನ ಬಿಟ್ಟು ಹಳ್ಳಿಯಲ್ಲಿ ಶಾಮಿಯಾನ, ಮುದ್ದೆ, ಬೋಟಿ ಗೊಜ್ಜು, ಮಟನ್ ಸಾರು. ಮದುವೆಗೆ ಕಾರಿನಲ್ಲಿ ಬಂದ ನೆಂಟರು ಬೀಗರೂಟಕ್ಕೆ ಮಾತ್ರ ಬಸ್ಸೇ ಬೇಕು ಎನ್ನುತ್ತಾರೆ. ಉಂಡಮೇಲೆ ಸ್ಟೀರಿಂಗ್ ಹಿಡಿಯಲು ಯಾರಿಗೂ ಮನಸ್ಸಿರುವುದಿಲ್ಲ, ಕೆಲವರು ಹಿಡಿಯುವ ಸ್ಥಿತಿಯಲ್ಲೂ ಇರುವುದಿಲ್ಲ. ಬಸವೇಶ್ವರನಗರದ ಹಾವನೂರು ವೃತ್ತದ ಹತ್ತಿರ ಬೆಳಗ್ಗೆ ಹತ್ತಕ್ಕೆ ಎಂದು ಹೇಳಿದ ಬಸ್ಸು ಹತ್ತಕ್ಕೇ ಬಂದಿರುತ್ತದೆ. ಜನ ಬರುವುದು ಹನ್ನೊಂದೂವರೆಗೆ. ಮುಂದಿನ ಎರಡು ಸೀಟು ಹಿರಿಯ ಭಾವನಿಗೆ ಮತ್ತು ಅತ್ತಿಗೆಗೆ ಅಂತ ಯಾರೂ ಹೇಳದೆಯೇ ಮೀಸಲು. ಕಿಟಕಿ ಸೀಟಿಗೆ ವಾಂತಿ ಬರುವವರ ಹಕ್ಕು ಮೊದಲು, ಅವರ ಕೈಯಲ್ಲಿ ನಿಂಬೆಹಣ್ಣು, ಮಡಿಲಲ್ಲಿ ಕವರು. ಕೊನೆಯ ಉದ್ದ ಸೀಟು ಹುಡುಗರದ್ದು. ಅಲ್ಲಿಂದ ಬರುವ ಹಾಡಿನ ಸದ್ದು ಹಿರಿಯ ಭಾವ ಎದ್ದು ನಿಂತು ಹಿಂತಿರುಗಿ ನೋಡುವವರೆಗೂ ಏರುತ್ತಲೇ ಹೋಗುತ್ತದೆ. ವಾಪಸು ಹೊರಡುವಾಗ ಎಣಿಕೆ. ಎರಡು ಸಲ ಎಣಿಸಿದರೂ ಒಬ್ಬರು ಕಡಿಮೆ. ಆ ಒಬ್ಬರು ಊರಿನ ಹಳೇ ಗೆಳೆಯನ ಜೊತೆ ತೋಟದಲ್ಲಿ ಎಳನೀರು ಕುಡಿಯುತ್ತಿರುತ್ತಾರೆ.

ಟ್ರಾವೆಲ್ಸ್ ಆಫೀಸು ಎಂದರೆ ಬಹುತೇಕ ಒಂದು ಷಟರ್, ಒಂದು ಮೇಜು, ಒಂದು ಡೈರಿ. ಗೋಡೆಯ ಮೇಲೆ ಗಣಪತಿ, ಪಕ್ಕದಲ್ಲಿ ಆದಿಚುಂಚನಗಿರಿಯ ಸ್ವಾಮೀಜಿ ಅಥವಾ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯ ಫೋಟೊ. ಗಾಡಿಗಳು ಆಫೀಸಿನ ಮುಂದೆ ಇರುವುದಿಲ್ಲ, ಇರಲು ಜಾಗವೂ ಇಲ್ಲ. ಕಾರ್ಡ್ ರೋಡಿನ ಸರ್ವಿಸ್ ರಸ್ತೆಯಲ್ಲೋ ನಾಗರಬಾವಿ ರಿಂಗ್ ರೋಡಿನ ಅಂಚಿನಲ್ಲೋ ಕೆಂಗೇರಿ ಉಪನಗರದ ಖಾಲಿ ಸೈಟಿನಲ್ಲೋ ನಿಂತಿರುತ್ತವೆ. ನಂಬರ್ ಪ್ಲೇಟು ಕೆಎ 02 ಆದರೆ ರಾಜಾಜಿನಗರದ ಆರ್‌ಟಿಒದ್ದು, ಕೆಎ 41 ಆದರೆ ಜ್ಞಾನಭಾರತಿಯದ್ದು. ಡೈರಿಯ ಪಕ್ಕದಲ್ಲಿ ಇರಲೇಬೇಕಾದ ಇನ್ನೊಂದು ಪುಸ್ತಕ ಒಂಟಿಕೊಪ್ಪಲ್ ಪಂಚಾಂಗ. ಮದುವೆಯ ಮುಹೂರ್ತಗಳು ಒತ್ತಾಗಿ ಬಿದ್ದ ದಿನ ಯಾವುದು, ಯಾವ ವಾರ ಪೂರ್ತಿ ಖಾಲಿ ಎಂಬುದು ಪುರೋಹಿತರಷ್ಟೇ ಚೆನ್ನಾಗಿ ಮಾಲೀಕನಿಗೂ ಬಾಯಿಪಾಠ. ಒಳ್ಳೆಯ ಮುಹೂರ್ತದ ಭಾನುವಾರ ಬಾಡಿಗೆ ಚೌಕಾಸಿ ನಡೆಯುವುದೇ ಇಲ್ಲ.

ಆಷಾಢ ಬಂದರೆ ಮದುವೆ ನಿಲ್ಲುತ್ತದೆ. ಆದರೆ ಚಾಮುಂಡಿ ಬೆಟ್ಟಕ್ಕೆ ಆಷಾಢ ಶುಕ್ರವಾರದ ಪಾರ್ಟಿಗಳು ಹೊರಡುತ್ತವೆ. ಧನುರ್ಮಾಸದಲ್ಲೂ ಮದುವೆಯಿಲ್ಲ, ಅದಕ್ಕೆ ಸರಿಯಾಗಿ ಅಯ್ಯಪ್ಪನ ಮಾಲೆ ಹಾಕಿದವರು ಶಬರಿಮಲೆಗೆ, ಕೆಂಪು ಸೀರೆ ಉಟ್ಟ ಓಂ ಶಕ್ತಿ ಮಾಲೆಯವರು ತಮಿಳುನಾಡಿನ ಮೇಲ್‌ಮರುವತ್ತೂರಿಗೆ. ನವೆಂಬರ್ ಮಧ್ಯದಿಂದ ಸಂಕ್ರಾಂತಿಯ ತನಕ, ಅದರಾಚೆಗೂ, ಮಿನಿ ಬಸ್ಸು ಸಿಗುವುದೇ ಪುಣ್ಯ. ಓಂ ಶಕ್ತಿ ಬಸ್ಸುಗಳ ಕಥೆ ಇನ್ನೂ ಬೇರೆ. ಅದರ ದುಡ್ಡು ಅನೇಕ ಬಡಾವಣೆಗಳಲ್ಲಿ ಹೋಗುವವರ ಕೈಯಿಂದ ಬರುವುದಿಲ್ಲ, ಬಸ್ಸಿನ ಮುಂದೆ ಕಟ್ಟಿದ ಫ್ಲೆಕ್ಸಿನಲ್ಲಿ ಕೈಮುಗಿದು ನಗುತ್ತಿರುವ ಮುಖಂಡರಿಂದ ಬರುತ್ತದೆ. ಚುನಾವಣೆ ಹತ್ತಿರವಿದ್ದ ವರ್ಷ ಸಾಲು ಉದ್ದ. ಮಹಿಳೆಯರು ಹಾಯಾಗಿ ಹೋಗಿ ಬರುತ್ತಾರೆ, ಮತ ಯಾರಿಗೆ ಹಾಕುತ್ತಾರೆ ಎಂಬುದು ಬೇರೆ ವಿಷಯ.

ಚುನಾವಣೆಯೇ ಬಂದಾಗ ಮಾತ್ರ ಗಾಡಿ ಗೊತ್ತುಮಾಡಿದವರ ಎದೆ ಧಸಕ್ಕೆನ್ನುತ್ತದೆ. 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ 160ನೇ ಕಲಮಿನ ಪ್ರಕಾರ ಮತಗಟ್ಟೆ ಕೆಲಸಕ್ಕೆ ಖಾಸಗಿ ಗಾಡಿಗಳನ್ನೂ ಸರ್ಕಾರ ವಶಕ್ಕೆ ತೆಗೆದುಕೊಳ್ಳಬಹುದು. 2023ರ ವಿಧಾನಸಭೆ ಮತದಾನ ಮೇ 10ರಂದು, 2024ರ ಲೋಕಸಭೆಗೆ ಬೆಂಗಳೂರಿನ ಮತದಾನ ಏಪ್ರಿಲ್ 26ರಂದು. ಎರಡೂ ಮದುವೆ ಹಂಗಾಮಿನ ನಡುವೆಯೇ ಬಿದ್ದವು. ಛತ್ರ, ಅಡುಗೆಯವರು, ವಾಲಗ ಎಲ್ಲ ಸಿದ್ಧವಿದ್ದು ದಿಬ್ಬಣದ ಬಸ್ಸಿಗೆ ಮಾತ್ರ ಆರ್‌ಟಿಒ ನೋಟಿಸು ಬಂದರೆ ಏನು ಮಾಡುವುದು ಎಂಬ ಪ್ರಶ್ನೆ ಆಗ ಬರೀ ತಮಾಷೆಯದ್ದಾಗಿರಲಿಲ್ಲ.

ಈಗ ಬೆರಳ ತುದಿಯಲ್ಲಿ ಸಿಗುವ ಈ ಬಾಡಿಗೆ ಬಸ್ಸಿಗೆ ಕರ್ನಾಟಕದಲ್ಲಿ ಒಂದು ಕಾಲದಲ್ಲಿ ಬಾಗಿಲೇ ಮುಚ್ಚಿತ್ತು ಎಂಬುದು ಹೊಸಬರಿಗೆ ಗೊತ್ತಿರಲಿಕ್ಕಿಲ್ಲ. ಬಸ್ಸುಗಳ ರಾಷ್ಟ್ರೀಕರಣ ಮೈಸೂರು ಸಂಸ್ಥಾನದಲ್ಲಿ 1948ರಲ್ಲಿ ಶುರುವಾಗಿ 1961ರಲ್ಲಿ ನಿಗಮವಾಯಿತು. ಆದರೆ ಅದು ಮುಖ್ಯವಾಗಿ ಟಿಕೆಟ್ ಕೊಟ್ಟು, ನಿಲ್ದಾಣಗಳಲ್ಲಿ ನಿಂತು ಹೋಗುವ ಬಸ್ಸುಗಳ ಮಾತು. ಇಡೀ ಗಾಡಿಯನ್ನು ಒಂದೇ ಗುಂಪಿಗೆ ಒಪ್ಪಂದದ ಮೇಲೆ ಕೊಡುವ ಬಸ್ಸು ಬೇರೆ ಜಾತಿಯದು, ಕಾನೂನಿನಲ್ಲಿ ಅದಕ್ಕೆ ಕಾಂಟ್ರ್ಯಾಕ್ಟ್ ಕ್ಯಾರೇಜ್ ಎಂದು ಹೆಸರು. ಒಪ್ಪಂದದ ಹೆಸರಿನಲ್ಲಿ ಪರ್ಮಿಟ್ ಪಡೆದು ದಾರಿಯುದ್ದಕ್ಕೂ ಜನ ಹತ್ತಿಸಿಕೊಳ್ಳುತ್ತಾರೆ, ಸರ್ಕಾರಿ ಬಸ್ಸಿಗೆ ನಷ್ಟ ಎಂಬ ದೂರು ಬಲವಾಗಿ, ದೇವರಾಜ ಅರಸು ಸರ್ಕಾರ 1976ರಲ್ಲಿ ಆ ಬಸ್ಸುಗಳನ್ನೇ ಸ್ವಾಧೀನಪಡಿಸಿಕೊಳ್ಳುವ ಕಾಯ್ದೆ ತಂದಿತು. ಮಾಲೀಕರು ಹೈಕೋರ್ಟಿಗೆ ಹೋಗಿ ಗೆದ್ದರು, ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. 1977ರಲ್ಲಿ ರಂಗನಾಥ ರೆಡ್ಡಿ ಪ್ರಕರಣದ ತೀರ್ಪು ಸರ್ಕಾರದ ಪರವಾಗಿ ಬಂತು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬರೆದ ಪ್ರತ್ಯೇಕ ತೀರ್ಪಿನಿಂದಾಗಿ ಕಾನೂನು ವಿದ್ಯಾರ್ಥಿಗಳು ಅದನ್ನು ಇಂದಿಗೂ ಓದುತ್ತಾರೆ. ಅದರಲ್ಲಿ ಇರುವುದು ಒಂದು ಬಸ್ಸಿನ ಜಗಳ ಎಂಬುದು ಎಷ್ಟೋ ಜನಕ್ಕೆ ಮರೆತಿದೆ.

ಮುಂದಿನ ದಶಕವೆಲ್ಲ ಪ್ರವಾಸಿ ಪರ್ಮಿಟ್ಟಿನ ಮೇಲೆ ಓಡಬಹುದೇ, ವಿಶೇಷ ಪರ್ಮಿಟ್ ಕೊಡಬಹುದೇ ಎಂಬ ಜಗ್ಗಾಟ ಕೋರ್ಟುಗಳಲ್ಲೇ ಕಳೆಯಿತು. 2003ರಲ್ಲಿ ಶಾಸನಸಭೆ 1976ರ ಕಾಯ್ದೆಯನ್ನು ರದ್ದು ಮಾಡಿತು. ಆ ರದ್ದತಿಯೂ ಕೋರ್ಟು ಹತ್ತಿತು. ಅದು ಸರಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2025ರಲ್ಲಿ. ಒಂದು ಮದುವೆ ಬಸ್ಸಿನ ಹಕ್ಕು ಇತ್ಯರ್ಥವಾಗಲು ಸುಮಾರು ಅರ್ಧ ಶತಮಾನ.

ಜನ ಮಾತ್ರ ಕೋರ್ಟಿಗೆ ಕಾದು ಕೂರಲಿಲ್ಲ. ಎತ್ತಿನ ಗಾಡಿಯಲ್ಲಿ ಹೋಗುತ್ತಿದ್ದ ದಿಬ್ಬಣ ಲಾರಿಗೆ ಬಂತು. ಹಿಂಬದಿಯ ಹಲಗೆ ಇಳಿಸಿ, ಒಳಗೆ ಹುಲ್ಲು ಹಾಸಿ, ಮೇಲೆ ಜಮಖಾನ. ಆಮೇಲೆ ಮ್ಯಾಟಡೋರು. ಬಜಾಜ್ ಟೆಂಪೊ ಕಂಪನಿಯ ಆ ಡಬ್ಬಿ ಗಾಡಿಯಲ್ಲಿ ಎದುರುಬದುರು ಕೂತು ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಧರ್ಮಸ್ಥಳಕ್ಕೆ ಹೋಗಿಬಂದವರು ಈಗಲೂ ಅದನ್ನು ಹೇಳುವಾಗ ಸೊಂಟ ಹಿಡಿದುಕೊಳ್ಳುತ್ತಾರೆ. ಅದೇ ಕಂಪನಿ ಆಮೇಲೆ ಟ್ರಾವೆಲರ್ ತಂದಿತು, 2005ರಲ್ಲಿ ಫೋರ್ಸ್ ಮೋಟಾರ್ಸ್ ಎಂದು ಹೆಸರನ್ನೂ ಬದಲಿಸಿಕೊಂಡಿತು. ಪುಷ್‌ಬ್ಯಾಕ್ ಸೀಟು, ಏಸಿ, ನೀಲಿ ದೀಪ, ಟಿವಿ ಬಂದವು. ಸೊಂಟನೋವು ಕಡಿಮೆಯಾಯಿತು. ಕಡಿಮೆಯಾಗದೆ ಉಳಿದ ಒಂದು ಸಂಗತಿಯಿದೆ, ಅದಕ್ಕೆ ಬರುತ್ತೇನೆ. ಅದಕ್ಕೆ ಮೊದಲು ಬಾಡಿಗೆಯ ಲೆಕ್ಕ.

ಟಿಟಿ ಆಗಲಿ ಮಿನಿ ಬಸ್ಸಾಗಲಿ, ಊರು ಬಿಟ್ಟು ಹೋದರೆ ಬಾಡಿಗೆ ಕಿಲೋಮೀಟರಿಗೆ ಇಷ್ಟು ಎಂದು. ಅದರ ಜೊತೆಗೆ ದಿನಕ್ಕೆ ಕನಿಷ್ಠ ಇಷ್ಟು ಕಿಲೋಮೀಟರು ಎಂಬ ಷರತ್ತು, ಸಾಮಾನ್ಯವಾಗಿ 250 ಅಥವಾ 300. ಗಾಡಿ ನಿಂತೇ ಇದ್ದರೂ ಅಷ್ಟರ ದುಡ್ಡು ಕೊಡಬೇಕು. ಇದರ ಮೇಲೆ ಡ್ರೈವರ್ ಬಾಟಾ, ಟೋಲು, ಪಾರ್ಕಿಂಗು. ರಾಜ್ಯ ದಾಟಿದರೆ ಪರ್ಮಿಟ್ ಖರ್ಚು. ಕಿಲೋಮೀಟರು ಎಣಿಸುವುದು ನಿಮ್ಮ ಮನೆಯಿಂದ ಅಲ್ಲ, ಶೆಡ್ಡಿನಿಂದ ಶೆಡ್ಡಿಗೆ. ರಾಜಾಜಿನಗರದ ಪಾರ್ಟಿಗೆ ಕೆಂಗೇರಿಯಾಚೆಯ ಶೆಡ್ಡಿನ ಗಾಡಿ ಅಗ್ಗವಾಗಿ ಸಿಕ್ಕಿತೆಂದು ಹಿಗ್ಗುವವರು ಇದನ್ನು ಮರೆತಿರುತ್ತಾರೆ. ಗಾಡಿ ಬಂದಾಗ ಮೀಟರಿನ ಫೋಟೊ ತೆಗೆದುಕೊಂಡರೆ ಕೊನೆಗೆ ವಾದ ಇರುವುದಿಲ್ಲ.

ಮುಖ್ಯವಾದ ಷರತ್ತು ಇನ್ನೊಂದಿದೆ. ಅನೇಕ ಕಡೆ ದಿನ ಎಂದರೆ ಇಪ್ಪತ್ನಾಲ್ಕು ಗಂಟೆಯಲ್ಲ, ಕ್ಯಾಲೆಂಡರಿನ ದಿನ. ರಾತ್ರಿ ಹನ್ನೆರಡರಿಂದ ಮರುರಾತ್ರಿ ಹನ್ನೆರಡು.

ವಿಜಯನಗರದ ಹದಿನೇಳು ಜನರ ಒಂದು ಕುಟುಂಬ ಟಿಟಿ ಮಾಡಿಕೊಂಡು ಧರ್ಮಸ್ಥಳ, ಕುಕ್ಕೆ ಮುಗಿಸಿ ಬರುತ್ತದೆ ಅಂತ ಇಟ್ಟುಕೊಳ್ಳಿ. ಓಡಾಟ ಎಲ್ಲ ಸೇರಿ 650 ಕಿಲೋಮೀಟರು, ಕಿಲೋಮೀಟರಿಗೆ 22 ರೂಪಾಯಿ, ದಿನಕ್ಕೆ ಕನಿಷ್ಠ 300. ಶುಕ್ರವಾರ ಆಫೀಸು ಮುಗಿಸಿ ರಾತ್ರಿ ಒಂಬತ್ತಕ್ಕೆ ಹೊರಟು ಭಾನುವಾರ ರಾತ್ರಿ ಬಂದರೆ ಕ್ಯಾಲೆಂಡರಿನಲ್ಲಿ ಮೂರು ದಿನ. ಕನಿಷ್ಠ 900 ಕಿಲೋಮೀಟರಿನ ದುಡ್ಡು, ಅಂದರೆ 19,800 ರೂಪಾಯಿ. ಶುಕ್ರವಾರದ ಆ ಮೂರು ಗಂಟೆಗೆ ಒಂದು ಪೂರಾ ದಿನದ ಬಾಡಿಗೆ ಬಿತ್ತು. ಅದೇ ಹನ್ನೆರಡು ಹೊಡೆದ ಮೇಲೆ ಗಾಡಿ ಹತ್ತಿದರೆ ಎರಡೇ ದಿನ, ಓಡಿದ 650 ಕಿಲೋಮೀಟರಿಗೆ 14,300. ಉಳಿತಾಯ 5,500, ಬಾಟಾ ಬೇರೆ. ಹೀಗಾಗಿ ಶುಕ್ರವಾರ ರಾತ್ರಿ ವಿಜಯನಗರದ ಮಾರುತಿ ಮಂದಿರದ ಸುತ್ತಮುತ್ತ, ಬಸವೇಶ್ವರನಗರದ ಶಂಕರಮಠದ ಕಡೆ, ಕೆಂಗೇರಿ ಉಪನಗರದ ಬಸ್ ನಿಲ್ದಾಣದ ಬಳಿ ಹನ್ನೊಂದೂಮುಕ್ಕಾಲಕ್ಕೆ ಕುಟುಂಬಗಳು ಬ್ಯಾಗು, ಚೊಂಬು, ಪುಳಿಯೋಗರೆ ಡಬ್ಬ ಹಿಡಿದು ಫುಟ್‌ಪಾತಿನಲ್ಲಿ ನಿಂತಿರುವುದು ಕಾಣುತ್ತದೆ. ಗಾಡಿ ಬಂದು ನಿಂತಿದ್ದರೂ ಹತ್ತುವುದಿಲ್ಲ. ಮನೆಯ ಯಜಮಾನ ಮೊಬೈಲು ನೋಡಿಕೊಂಡು "ಇನ್ನೂ ಹತ್ತು ನಿಮಿಷ ಇರಿ" ಅನ್ನುತ್ತಾನೆ. ಹನ್ನೆರಡಾದ ಮೇಲೆ ಚಕ್ರದಡಿ ನಿಂಬೆಹಣ್ಣು, ಕರ್ಪೂರ, ಗೋವಿಂದಾ ಗೋವಿಂದ.

ಆ ಗಾಡಿ ನೆಲಮಂಗಲ, ಕುಣಿಗಲ್, ಹಾಸನ ದಾಟಿ ಸಕಲೇಶಪುರ ಮುಟ್ಟುವಾಗ ನಸುಕಿನ ನಾಲ್ಕು, ನಾಲ್ಕೂವರೆ. ಮುಂದೆ ಶಿರಾಡಿ ಘಾಟಿ. ಹದಿನೇಳು ಜನವೂ ಬಾಯಿ ತೆರೆದು ಮಲಗಿದ್ದಾರೆ. ಎಚ್ಚರ ಇರುವವನು ಒಬ್ಬನೇ.

ಅವನ ವಾರ ಹೇಗಿತ್ತು ಎಂದು ಗಾಡಿ ಹಿಡಿದವರು ಕೇಳುವುದಿಲ್ಲ. ಪಶ್ಚಿಮ ಬೆಂಗಳೂರಿನ ಎಷ್ಟೋ ಟಿಟಿ, ಮಿನಿ ಬಸ್ಸುಗಳಿಗೆ ಪ್ರವಾಸ ಎಂಬುದು ವಾರಾಂತ್ಯದ ಕೆಲಸ. ಸೋಮವಾರದಿಂದ ಶುಕ್ರವಾರದ ತನಕ ಅವು ಪೀಣ್ಯದ ಗಾರ್ಮೆಂಟ್ಸಿಗೆ, ಶಾಲೆಗೆ, ಐಟಿ ಕಂಪನಿಗೆ ಪಿಕಪ್ ಡ್ರಾಪ್ ಓಡುತ್ತವೆ. ತಿಂಗಳ ಕಂತು ಕಟ್ಟುವುದು ಆ ದುಡ್ಡಿನಲ್ಲಿ. ಮೂರು ತಿಂಗಳಿಗೊಮ್ಮೆ ಸೀಟಿನ ಲೆಕ್ಕದಲ್ಲಿ ರಸ್ತೆ ತೆರಿಗೆ ಬೇರೆ ಕಟ್ಟಬೇಕು. ಕೋವಿಡ್ ಕಾಲದಲ್ಲಿ ಆ ತೆರಿಗೆಗೆ ಹೆದರಿಯೇ ಎಷ್ಟೋ ಮಾಲೀಕರು ಗಾಡಿಯ ದಾಖಲೆಗಳನ್ನು ಆರ್‌ಟಿಒಗೆ ಸರೆಂಡರ್ ಮಾಡಿ ಕೈಕಟ್ಟಿ ಕೂತಿದ್ದರು. ಲಾಭ ಕಾಣುವುದು ಶನಿವಾರ, ಭಾನುವಾರ. ಆದ್ದರಿಂದ ಶುಕ್ರವಾರ ಬೆಳಗ್ಗೆ ಐದಕ್ಕೆ ಎದ್ದು ಕಾರ್ಖಾನೆಯ ಮೊದಲ ಶಿಫ್ಟಿನವರನ್ನು ಬಿಟ್ಟ ಡ್ರೈವರೇ ಸಂಜೆ ಅವರನ್ನು ಮನೆ ಮುಟ್ಟಿಸಿ, ಗಾಡಿ ತೊಳೆದು, ಊಟ ಮಾಡಿ ರಾತ್ರಿ ಹನ್ನೊಂದೂವರೆಗೆ ನಿಮ್ಮ ಮನೆ ಮುಂದೆ ಹಾರನ್ ಹೊಡೆಯುವುದು ಅಪರೂಪವಲ್ಲ. ಲೆಕ್ಕ ಹಾಕಿ ನೋಡಿ: ಶಿರಾಡಿಯ ತಿರುವಿನಲ್ಲಿ ಅವನು ಎದ್ದು ಇಪ್ಪತ್ಮೂರು ಗಂಟೆಯಾಗಿರುತ್ತದೆ.

ಕಾನೂನು ಇದನ್ನು ನೋಡಿಲ್ಲವೆಂದಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದಿತು. 5 ಗಂಟೆ ಕೆಲಸಕ್ಕೆ ಕನಿಷ್ಠ ಅರ್ಧ ಗಂಟೆ ಬಿಡುವು ಎಂದಿತು. ಆ ಕಾಯ್ದೆ ಇದ್ದದ್ದು ಐದು ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಿಗೆ. ಒಂದೆರಡು ಗಾಡಿ ಇಟ್ಟುಕೊಂಡವರು ತಪ್ಪಿಸಿಕೊಳ್ಳದಿರಲಿ ಎಂಬಂತೆ 1988ರ ಮೋಟಾರು ವಾಹನ ಕಾಯ್ದೆಯ 91ನೇ ಕಲಮು ಅದೇ ಗಂಟೆಗಳನ್ನು ಎಲ್ಲ ಬಾಡಿಗೆ ಗಾಡಿಗಳ ಡ್ರೈವರುಗಳಿಗೂ ಅನ್ವಯಿಸಿತು. ಸ್ಪೀಡ್ ಗವರ್ನರ್ ಹಾಕಿ ಗಂಟೆಗೆ 80 ಕಿಲೋಮೀಟರಿಗೆ ಕಡಿವಾಣವನ್ನೂ ಹಾಕಿದ್ದಾರೆ. ವೇಗ ಅಳೆಯಲು ಯಂತ್ರವಿದೆ. ನಿದ್ದೆ ಅಳೆಯುವವರು ಯಾರೂ ಇಲ್ಲ.

2024ರ ಜೂನ್ 28ರ ನಸುಕಿನಲ್ಲಿ ಹಾವೇರಿ ಜಿಲ್ಲೆ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಬಳಿ ಹೆದ್ದಾರಿಯಲ್ಲಿ ನಿಂತಿದ್ದ ಲಾರಿಗೆ ಒಂದು ಟಿಟಿ ಹಿಂದಿನಿಂದ ಗುದ್ದಿತು. ದೇವರ ದರ್ಶನ ಮುಗಿಸಿ ಊರಿಗೆ ಹಿಂತಿರುಗುತ್ತಿದ್ದ ಭದ್ರಾವತಿ ತಾಲ್ಲೂಕಿನ ಎಮ್ಮೆಹಟ್ಟಿಯವರು, ನೆಂಟರಿಷ್ಟರೇ ತುಂಬಿದ್ದ ಗಾಡಿ. 13 ಜನ ಸತ್ತರು. ಅದಕ್ಕೆ ಮೊದಲು 2021ರ ಜನವರಿ 15ರಂದು, ಸಂಕ್ರಾಂತಿಯ ಮರುದಿನ, ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರ ಗಾಡಿ ಧಾರವಾಡದ ಹತ್ತಿರ ಇಟಿಗಟ್ಟಿಯಲ್ಲಿ ಟಿಪ್ಪರಿಗೆ ಡಿಕ್ಕಿಯಾಗಿದ್ದು ಬೆಳ್ಳಂಬೆಳಗ್ಗೆಯೇ. ಪ್ರತಿ ಅಪಘಾತದ ಕಾರಣ ಬೇರೆ ಬೇರೆ: ನಿಂತ ಲಾರಿಗೆ ದೀಪವಿಲ್ಲದಿರಬಹುದು, ರಸ್ತೆ ಕಿರಿದಿರಬಹುದು. ಆದರೆ ಇಂಥ ಸುದ್ದಿ ಓದುವಾಗ ನಾನು ಮೊದಲು ಹುಡುಕುವುದು ಗಂಟೆ ಎಷ್ಟಾಗಿತ್ತು ಎಂಬುದನ್ನು.

ಇಲ್ಲೊಂದು ಮಾತು ಹೇಳಲೇಬೇಕು. ಶನಿವಾರ ಬೆಳಗ್ಗೆ ಐದಕ್ಕೆ ಹೊರಟು ಭಾನುವಾರ ರಾತ್ರಿ ಬಂದರೂ ಕ್ಯಾಲೆಂಡರಿನಲ್ಲಿ ಎರಡೇ ದಿನ. ಬಾಡಿಗೆ ಅದೇ 14,300. ಒಂದು ಪೈಸೆ ಹೆಚ್ಚಿಲ್ಲ. ಹಾಗಿದ್ದೂ ನಾವು ಹನ್ನೆರಡಕ್ಕೇ ಹೊರಡುತ್ತೇವೆ. ಯಾಕೆಂದರೆ ಬೆಳಗ್ಗೆ ಏಳಕ್ಕೆ ನೇತ್ರಾವತಿಯಲ್ಲಿ ಸ್ನಾನ ಮಾಡಿ ದರ್ಶನಕ್ಕೆ ನಿಲ್ಲಬೇಕು, ಮಧ್ಯಾಹ್ನ ಕುಕ್ಕೆ, ಹೇಗೂ ಅಷ್ಟು ದೂರ ಹೋಗಿದ್ದೇವೆ ಅಂತ ಹೊರನಾಡು, ಶೃಂಗೇರಿಯೂ ಆಗಿಬಿಡಲಿ. ಬಸ್ಸಿನಲ್ಲಿ ಮಲಗಿದ ರಾತ್ರಿಗೆ ಲಾಡ್ಜಿನ ಬಾಡಿಗೆಯಿಲ್ಲ. ಬಸ್ಸಿಗೆ ಕೊಟ್ಟ ದುಡ್ಡಿನಲ್ಲಿ ಆದಷ್ಟು ದೇವರುಗಳನ್ನು ನೋಡಿಬಿಡುವ ಈ ಹಂಬಲಕ್ಕೆ ಭಕ್ತಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಟ್ರಾವೆಲ್ಸ್‌ನವರನ್ನು ಬೈಯುವುದು ಸುಲಭ. ಆದರೆ ಟೂರಿನ ವೇಳಾಪಟ್ಟಿ ಬರೆಯುವವರು ನಾವು.

ಡ್ರೈವರ್ ಎಲ್ಲಿ ಮಲಗುತ್ತಾನೆ ಎಂಬುದೂ ಆ ಪಟ್ಟಿಯಲ್ಲಿರುವುದಿಲ್ಲ. ಹದಿನೇಳು ಜನಕ್ಕೆ ನಾಲ್ಕು ರೂಮು ಹಿಡಿಯುತ್ತಾರೆ, ಐದನೆಯದು ಡ್ರೈವರಿಗೆ ಎಂದು ನೆನಪಾಗುವುದಿಲ್ಲ. ಅವನು ಪಾರ್ಕಿಂಗಿನಲ್ಲಿ ಗಾಡಿಯ ಹಿಂದಿನ ಸೀಟಿನಲ್ಲಿ, ಸೊಳ್ಳೆಗೆ ಕಿಟಕಿ ಮುಚ್ಚಿದರೆ ಸೆಕೆ, ಸೆಕೆಗೆ ತೆರೆದರೆ ಸೊಳ್ಳೆ. ಹಗಲು ನಿದ್ದೆ ಮಾಡೋಣವೆಂದರೆ ಯಾರೋ ಬಂದು ಚಪ್ಪಲಿ ಇಡಲು, ಪ್ರಸಾದ ಇಡಲು ಬಾಗಿಲು ತೆಗೆಸುತ್ತಾರೆ. ಕರಾವಳಿಯ ಊಟದ ಸಾಲಿನಲ್ಲಿ ಅವನನ್ನು ಕರೆದು ಜೊತೆಗೆ ಕೂರಿಸಿಕೊಳ್ಳುವ ಒಳ್ಳೆಯ ಕುಟುಂಬಗಳೂ ಇವೆ. ಊಟ ನೆನಪಾಗುವಷ್ಟು ನಿದ್ದೆ ನೆನಪಾಗುವುದಿಲ್ಲ, ಅಷ್ಟೇ.

ದಾರಿಯ ಬಗ್ಗೆಯೂ ಮೊದಲೇ ವಿಚಾರಿಸಬೇಕಾದ ಸಂಗತಿಗಳಿವೆ. ಬಂಡೀಪುರದ ಕಾಡಿನ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರ ತನಕ ಸಂಚಾರ ನಿಷೇಧ 2009ರಿಂದಲೂ ಇದೆ. ಆದರೂ ಊಟಿಗೆ ಹೊರಟ ಗಾಡಿಗಳು ಗುಂಡ್ಲುಪೇಟೆಯಾಚೆ ಗೇಟಿನ ಮುಂದೆ ನಿಂತು ಬೆಳಗಾಗುವುದನ್ನು ಕಾಯುತ್ತವೆ. 2024ರ ಮೇ ತಿಂಗಳಿಂದ ನೀಲಗಿರಿಗೆ ಇ-ಪಾಸ್ ಬೇರೆ ಬೇಕು. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಖಾಸಗಿ ಗಾಡಿ ಬಿಡುವುದಿಲ್ಲ, ಕೆಳಗೆ ಇಳಿದು ಸರ್ಕಾರಿ ಬಸ್ಸು ಹತ್ತಬೇಕು. ಆಗುಂಬೆಯ ತಿರುವುಗಳಲ್ಲಿ ಮಿನಿ ಬಸ್ಸಿನದೇ ಕಾರುಬಾರು, ದೊಡ್ಡ ಬಸ್ಸು ಹಿಡಿದವರು ಬೇರೆ ಘಾಟಿ ನೋಡಿಕೊಳ್ಳಬೇಕು. ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಜರಿದರೆ ಸುತ್ತುಬಳಸು, ಕಿಲೋಮೀಟರು ನಿಮ್ಮ ಲೆಕ್ಕಕ್ಕೆ. ಮೈಸೂರಿನ ಕಡೆ ಮಾತ್ರ ಕೆಂಗೇರಿಯವರಿಗೆ ಸುಖ: 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ದಶಪಥ ಹತ್ತಿದರೆ ಎರಡು ಕಡೆ ಟೋಲು ಕಟ್ಟಿ, ಮದ್ದೂರು ವಡೆಯನ್ನು ತಪ್ಪಿಸಿಕೊಂಡು ಹೋಗಿಬಿಡಬಹುದು.

ವೈಟ್ ಬೋರ್ಡಿನ ಆಸೆಗೆ ಬೀಳುವವರಿಗೆ ಎರಡು ಮಾತು. ಪಕ್ಕದ ಬೀದಿಯವರ ಸ್ವಂತ ಟಿಟಿ, ಬಿಳಿ ಪ್ಲೇಟು, ಬಾಡಿಗೆ ಕಡಿಮೆ, ಗುರುತಿನವರು. ಅವರು ದುಡ್ಡು ಪಡೆದು ನಿಮ್ಮನ್ನು ಕೂರಿಸಿಕೊಂಡ ಗಳಿಗೆಯಿಂದ ಅದು ಪರ್ಮಿಟ್ ಇಲ್ಲದ ಬಾಡಿಗೆ ಗಾಡಿ. ಪೊಲೀಸರು ಹಿಡಿದರೆ ಅರ್ಧ ದಾರಿಯಲ್ಲಿ ಇಳಿಯಬೇಕು. ಅಪಘಾತವಾದರೆ ವಿಮೆ ಕಂಪನಿ ಮೊದಲು ಕೇಳುವುದೇ ಬಾಡಿಗೆಗೆ ಓಡಿತ್ತಾ ಎಂದು. ಹಳದಿ ಬೋರ್ಡಿನ ಗಾಡಿಯಾದರೂ ನಂಬರು ಕೇಳಿಕೊಂಡು ಎಂಪರಿವಾಹನ್ ಆಪಿನಲ್ಲಿ ಹಾಕಿದರೆ ಫಿಟ್ನೆಸ್ ಪತ್ರ ಅಂದರೆ ಎಫ್‌ಸಿ, ವಿಮೆಯ ದಿನಾಂಕ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಗಾಡಿಗೆ ಎಂಟು ವರ್ಷವಾಗುವ ತನಕ ಎಫ್‌ಸಿ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷ ವರ್ಷ. ಹುಡುಗಿ ನೋಡಲು ಹೋಗುವಾಗ ಜಾತಕ ತರಿಸುವ ನಮ್ಮ ಜನ ದಿಬ್ಬಣದ ಬಸ್ಸಿನ ಎಫ್‌ಸಿ ಕೇಳಲು ಯಾಕೆ ಸಂಕೋಚಪಡುತ್ತಾರೋ ಗೊತ್ತಿಲ್ಲ.

ಸರ್ಕಾರಿ ಬಸ್ಸನ್ನೂ ಒಪ್ಪಂದದ ಮೇಲೆ ಪಡೆಯಬಹುದು ಎಂಬುದು ಅನೇಕರಿಗೆ ನೆನಪಾಗುವುದೇ ಇಲ್ಲ. ಕೆಎಸ್‌ಆರ್‌ಟಿಸಿಯಲ್ಲಿ ಕೆಂಪು ಬಸ್ಸಿನಿಂದ ರಾಜಹಂಸ, ಐರಾವತದ ತನಕ ಕ್ಯಾಶುಯಲ್ ಕಾಂಟ್ರ್ಯಾಕ್ಟ್‌ಗೆ ಕೊಡುತ್ತಾರೆ. ಊರೊಳಗಿನ ಮದುವೆಗೆ ಬಿಎಂಟಿಸಿ ಬಸ್ಸೂ ಸಿಗುತ್ತದೆ. ಮುಂಗಡ ಕಟ್ಟಬೇಕು, ಅಲ್ಲೂ ಕನಿಷ್ಠ ಕಿಲೋಮೀಟರಿದೆ, ಗಂಟೆಯ ಲೆಕ್ಕ ಬಿಗಿ. "ಇನ್ನೊಂದು ದೇವಸ್ಥಾನ ನೋಡ್ಕೊಂಡು ಬರೋಣ ಅಣ್ಣಾ" ಎಂಬ ರಾಗ ಅಲ್ಲಿ ಅಷ್ಟಾಗಿ ನಡೆಯುವುದಿಲ್ಲ. ಹಾಡಿನ ಪೆಟ್ಟಿಗೆಯೂ ಇಲ್ಲ. ನನ್ನನ್ನು ಕೇಳಿದರೆ ಈ ಎರಡೂ ಕೊರತೆಗಳು ಗುಣಗಳೇ.

2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ ಈ ಲೆಕ್ಕವನ್ನು ಇನ್ನೊಂದು ಬಗೆಯಲ್ಲಿ ಕದಡಿದೆ. ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡಿಲ್ಲ ಎಂದಾದ ಮೇಲೆ ಭಜನಾ ಮಂಡಳಿಯವರು, ಮಹಿಳಾ ಸಮಾಜದವರು, ಚೀಟಿ ಗುಂಪಿನವರು ಟಿಟಿ ಹಿಡಿಯುವ ಬದಲು ಆಧಾರ್ ಕಾರ್ಡು ಹಿಡಿದು ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣಕ್ಕೆ ಹೋಗಿ ನಿಂತರು. ಬಾಡಿಗೆ ಹೋಯಿತೆಂದು ಟಿಟಿ ಮಾಲೀಕರ ಗೊಣಗಾಟ. ಹೆಂಗಸರಿಗೆ ಅದರಲ್ಲಿ ಬೇರೊಂದು ಬಿಡುಗಡೆ ಸಿಕ್ಕಿತು. ಬಾಡಿಗೆ ಗಾಡಿ ಎಂದರೆ ಯಾರೋ ಗಂಡಸು ಮಾತಾಡಿ ಗೊತ್ತುಮಾಡಬೇಕಿತ್ತು, ಮುಂದಿನ ಸೀಟಿನಲ್ಲಿ ಕೂತು ದಾರಿ ಹೇಳಬೇಕಿತ್ತು. ಈಗ ನಾಲ್ವರು ಅಕ್ಕಂದಿರು ಮಾತಾಡಿಕೊಂಡರೆ ಬೆಳಗ್ಗೆ ಹೊರಟು ಎಡೆಯೂರು ಸಿದ್ಧಲಿಂಗೇಶ್ವರನನ್ನು ನೋಡಿ, ದಾಸೋಹದ ಊಟ ಮಾಡಿ, ಸಂಜೆ ದೀಪ ಹಚ್ಚುವ ಹೊತ್ತಿಗೆ ವಾಪಸು. ಇಪ್ಪತ್ತು ಜನ ಒಟ್ಟಿಗೆ ಕೂತು ಹಾಡಿಕೊಂಡು ಹೋಗುವ ಮಜಾ ಅದರಲ್ಲಿಲ್ಲ ಎಂದು ಅವರೇ ಹೇಳುತ್ತಾರೆ. ಹಾಗಾಗಿ ವರ್ಷಕ್ಕೊಂದು ದೊಡ್ಡ ಟೂರಿಗೆ ಟಿಟಿ ಇದ್ದೇ ಇದೆ.

ಆ ಟೂರಿಗೆ ಫೋನ್ ಮಾಡುವಾಗ ಎಷ್ಟು ಜನ ಎಂಬುದಕ್ಕೆ ಉತ್ತರ ಕೊಟ್ಟಾದ ಮೇಲೆ ನಿಮ್ಮ ಕಡೆಯಿಂದಲೂ ಒಂದು ಪ್ರಶ್ನೆ ಕೇಳಿ: "ಡ್ರೈವರ್ ಹಿಂದಿನ ದಿನ ಎಲ್ಲಿಗೆ ಡ್ಯೂಟಿ ಹೋಗಿರ್ತಾರೆ ಸಾರ್?" ಕೆಲವರು "ನಮ್ ಹುಡುಗ ಪಳಗಿದವನು, ಯೋಚನೆ ಮಾಡ್ಬೇಡಿ" ಅಂತ ತೇಲಿಸುತ್ತಾರೆ. ಅದು ಉತ್ತರವಲ್ಲ. ಒಳ್ಳೆಯ ಮಾಲೀಕ ಎರಡು ದಾರಿ ಹೇಳುತ್ತಾನೆ. ಒಂದು, ಬೆಳಗ್ಗೆ ಐದಕ್ಕೆ ಹೊರಡಿ. ಇಲ್ಲ, ರಾತ್ರಿಯೇ ಹೋಗಬೇಕೆಂದರೆ ಎರಡನೇ ಡ್ರೈವರ್ ಹಾಕಿಕೊಡುತ್ತೇನೆ, ಸಂಬಳ ಬಾಟಾ ಸೇರಿ ದಿನಕ್ಕೆ ಇಷ್ಟಾಗುತ್ತದೆ. ದಿನಕ್ಕೆ 1,500 ಎಂದೇ ಹಿಡಿಯಿರಿ. ಎರಡು ದಿನಕ್ಕೆ 3,000. ಹದಿನೇಳು ಜನಕ್ಕೆ ಹಂಚಿದರೆ ತಲೆಗೆ 176 ರೂಪಾಯಿ ಚಿಲ್ಲರೆ. ಒಂದು ಸೀಟೂ ಅವನಿಗೆ ಬಿಡಬೇಕಾಗುತ್ತದೆ, ಅಂದರೆ ಹದಿನೇಳು ಜನ ಹದಿನಾರಾಗಬೇಕು. ದೊಡ್ಡಪ್ಪನ ಮಂಡಿನೋವು ಹೇಗಿದೆಯೋ ಮೊದಲೇ ಕೇಳಿಟ್ಟುಕೊಳ್ಳಿ.